ಬೆಳ್ಯಪ್ಪ ಕೋವಿ ಆರಿಸಿದ್ದು

ನಗು ಬಂದರೆ ನಕ್ಕುಬಿಡಿ, ಆದರೆ ಅಯ್ಯೋ ಪಾಪ ಅನ್ನಬೇಡಿ. ಈ ಬೆಳ್ಯಪ್ಪನಿಗೆ ಪಾಪ ಅಂದವರೆಲ್ಲ ಆಮೇಲೆ ತಲೆ ಚಚ್ಚಿಕೊಂಡಿದ್ದಾರೆ. ಹಿಂದಿನ ಕಾಲದಲ್ಲಿ ಕೊಡಗಿನ ಒಂದೂರಿನಲ್ಲಿ ಇವನೂ ಇವನ ಅವ್ವ ಚೋಂದವ್ವನೂ ಇದ್ದರು. ಅಪ್ಪ ಇರಲಿಲ್ಲ. ಮಗನಿಗೆ ಕಟ್ಟುಮಸ್ತಾದ ಮೈ ಇತ್ತು, ದಪ್ಪ ಮೀಸೆ ಇತ್ತು, ತಲೆಯೊಳಗೆ ಮಾತ್ರ ಏನೂ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ.

ಇಂಥವನಿಗೆ ಹೆಣ್ಣು ಕೊಡುವವರು ಯಾರು? ಕೊನೆಗೆ ಪಕ್ಕದೂರಿನ ಮುದ್ದಯ್ಯ ಅರೆಮನಸ್ಸಿನಿಂದ ಒಪ್ಪಿದ. "ಕೋವಿ ಇಲ್ಲದ ಮನೆಗೆ ಮಗಳನ್ನು ಕೊಡಲ್ಲ ಚೋಂದವ್ವ. ನಿನ್ನ ಮಗ ಒಂದು ಕೋವಿ ತಗೊಳ್ಳಲಿ, ಒಂದು ಹಕ್ಕಿ ಹೊಡೆದು ತೋರಿಸಲಿ. ಆಮೇಲೆ ಮದುವೆ ಮಾತು," ಅಂದ. ಇದೂ ಕೈತಪ್ಪಿದರೆ ಮಗ ಹೀಗೇ ಒಂಟಿಯಾಗಿ ಮುದುಕನಾಗುತ್ತಾನೆ ಅಂತ ಚೋಂದವ್ವನಿಗೆ ಹೆದರಿಕೆ.

"ಪೇಟೆಗೆ ಹೋಗು," ಅಂದಳು. "ಹಕ್ಕಿ ಬೇಟೆಗೆ ದಿನವೆಲ್ಲ ಹೊತ್ತು ತಿರುಗಬೇಕು. ಹಗುರ ಇರೋದನ್ನ ನೋಡಿ ತಗೊಂಡು ಬಾ."

ಹೋದ. ಅಂಗಡಿಯ ಕೋವಿಗಳನ್ನೆಲ್ಲ ಎತ್ತಿ ನೋಡಿದ. ಎಲ್ಲವೂ ಭಾರ. ಒಂದರ ನಳಿಗೆ ಬಿಚ್ಚಿಸಿ ಅಲ್ಲೇ ಬಿಟ್ಟು, ಬರೀ ಮರದ ಹಿಡಿ ಹೊತ್ತುಕೊಂಡು ಬಂದ.

"ನಳಿಗೆ ಎಲ್ಲೋ?"

"ಭಾರ ಎಲ್ಲಾ ಅದರಲ್ಲೇ ಇತ್ತವ್ವ, ಬಿಟ್ಟು ಬಂದೆ. ಈಗ ಎತ್ತಿ ನೋಡು, ಹೂವಿನ ಹಾಗಿದೆ."

"ಇದರಲ್ಲಿ ಹಕ್ಕಿ ಹೊಡೀತೀಯೋ ಬೆನ್ನು ಕೆರ್ಕೋತೀಯೋ? ಮುಠ್ಠಾಳ. ಹಗುರ ಭಾರ ಎಲ್ಲಾ ಬಿಡು. ಹೆಗಲಿಗಿಟ್ಟು ನೋಡು. ಯಾವುದು ಹೆಗಲಿಗೆ ಸರಿಯಾಗಿ ಕೂರುತ್ತೋ ಅದನ್ನ ತಗೊಂಡು ಬಾ."

ಹೋದ. ಒಂದೊಂದನ್ನೂ ಹೆಗಲಿಗಿಟ್ಟ. ಒಂದು ಒತ್ತಿತು, ಒಂದು ಜಾರಿತು. ಬೇಸತ್ತು ಹೊರಗೆ ಬಂದರೆ ಪಕ್ಕದ ಅಂಗಡಿಯಲ್ಲಿ ನೊಗ ಮಾರುತ್ತಿದ್ದರು. ಎತ್ತಿ ಹೆಗಲಿಗಿಟ್ಟ. ಹೇಳಿ ಮಾಡಿಸಿದ ಹಾಗೆ ಕೂತಿತು. ಅದನ್ನೇ ಹೊತ್ತು, ಎದೆಯುಬ್ಬಿಸಿಕೊಂಡು ಊರ ನಡುವಿನ ದಾರಿಯಲ್ಲೇ ಬಂದ.

ಚೋಂದವ್ವ ನೊಗವನ್ನೂ ನೋಡಿದಳು, ಮಗನನ್ನೂ ನೋಡಿದಳು. "ನಿನಗೆ ಹೊಂದೋದನ್ನೇ ತಂದಿದ್ದೀಯ. ಒಳಗೆ ಬರಬೇಡ, ಕೊಟ್ಟಿಗೆಗೆ ಹೋಗು. ಹುಲ್ಲು ಹಾಕ್ತೀನಿ."

ಅವನು ಹೋಗಿ ದನಗಳ ಸಾಲಿನಲ್ಲಿ ನಿಂತು ಹುಲ್ಲಿಗೆ ಕಾದ. ಅವಳೇ ಹೋಗಿ ಎಳೆದುಕೊಂಡು ಬರಬೇಕಾಯಿತು.

"ಇನ್ನು ನೀನು ಆರಿಸೋದೇ ಬೇಡ. ಜೋಡಿ ನಳಿಗೆಯ ಕೋವಿ ಕೊಡಿ ಅಂತ ಕೇಳು, ಅಂಗಡಿಯವರು ಕೊಟ್ಟಿದ್ದನ್ನ ತಗೊಂಡು ಬಾ. ಒಂದು ಗುಂಡು ತಪ್ಪಿದರೆ ಇನ್ನೊಂದು ಇರುತ್ತೆ."

ಈ ಸಲ ನಿಜವಾದ ಕೋವಿಯೇ ಮನೆಗೆ ಬಂತು. ಚೋಂದವ್ವ ಸಂತೋಷಕ್ಕೆ ಅತ್ತೇಬಿಟ್ಟಳು. ಕಣ್ಣೀರು ಒರೆಸಿಕೊಳ್ಳುವ ಮೊದಲೇ ಮಗ ಬೇಟೆಗೆ ಹೋಗಿ ಬರಿಗೈಲಿ ವಾಪಸಾದ.

"ಬೆಳವನ ಹಕ್ಕಿ ಹಾರ್ತಾ ಇತ್ತವ್ವ. ಅದು ಇದ್ದ ಕಡೆಗೇ ಹೊಡೆದೆ. ಗುಂಡು ಹೋಗೋ ಹೊತ್ತಿಗೆ ಅದು ಅಲ್ಲಿರಲಿಲ್ಲ."

"ಪೆದ್ದೇ, ಹಾರೋ ಹಕ್ಕಿ ನಿನಗೆ ಕಾದು ನಿಲ್ಲುತ್ತಾ? ಅದು ಇರೋ ಕಡೆಗಲ್ಲ, ಅದು ಹೋಗೋ ಕಡೆಗೆ ಹೊಡೀಬೇಕು."

ಮಾರನೆಯ ದಿನ ಮತ್ತೊಂದು ಬೆಳವ ಹಾರಿತು. ಬೆಳ್ಯಪ್ಪ ಹೊಡೆಯಲಿಲ್ಲ. ಇದು ಹೋಗುವುದೆಲ್ಲಿಗೆ ಅಂತ ಬಾಯಿ ತೆರೆದುಕೊಂಡು ಹಿಂದೆಯೇ ಓಡಿದ. ಬೆಳವ ಗದ್ದೆ ದಾಟಿತು, ತೋಡು ದಾಟಿತು, ಇವರದೇ ಅಂಗಳಕ್ಕಿಳಿದು ಒಣಗಲು ಹಾಕಿದ್ದ ಭತ್ತ ಹೆಕ್ಕಿ ಹಾರಿಹೋಯಿತು. "ಓಹೋ, ಇದು ಹೋಗೋ ಕಡೆ ಅಂದ್ರೆ ನಮ್ಮ ಅಂಗಳ," ಅಂದುಕೊಂಡ ಈ ಜಾಣ, ಹಕ್ಕಿಯಿಲ್ಲದ ಅಂಗಳದಲ್ಲಿ ನಿಂತು ಎರಡೂ ನಳಿಗೆಯ ಗುಂಡನ್ನು ಒಂದರ ಬೆನ್ನಿಗೊಂದು ಭತ್ತದ ರಾಶಿಗೆ ಹಾರಿಸಿದ.

ಕೊಡಗಿನಲ್ಲಿ ಮನೆಯಂಗಳದಿಂದ ಹೀಗೆ ಬೆನ್ನುಬೆನ್ನಿಗೆ ಎರಡು ಗುಂಡು ಕೇಳಿತೆಂದರೆ ಆ ಮನೆಯಲ್ಲಿ ಸಾವಾಗಿದೆ ಅಂತಲೇ ಅರ್ಥ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು. ಬಂದರು. ಊರಿಗೆ ಊರೇ ಬಂತು. ಬಿಳಿ ಬಟ್ಟೆ ಉಟ್ಟು ಮುದ್ದಯ್ಯನೂ ಏದುಸಿರು ಬಿಡುತ್ತಾ ಬಂದ. ಹೆಂಗಸರು ಅಂಗಳದಲ್ಲೇ ಕೂತು, ಚೋಂದವ್ವ ಎಂಥ ಒಳ್ಳೆಯವಳಾಗಿದ್ದಳು ಅಂತ ರಾಗ ಎಳೆದು ಅಳತೊಡಗಿದರು.

ಯಾರು ಅಳುತ್ತಿರುವುದೆಂದು ನೋಡಲು ಚೋಂದವ್ವನೇ ಸೌಟು ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಬಂದಳು. ಅಳು ಗಕ್ಕನೆ ನಿಂತಿತು.

"ಮತ್ತೆ ಸತ್ತಿದ್ದು ಯಾರು?" ಅಂದ ಮುದ್ದಯ್ಯ. "ಕಣದಲ್ಲಿ ಭತ್ತ ಬಿಟ್ಟು ಓಡಿ ಬಂದಿದ್ದೀನಿ. ನಮ್ಮನ್ನೇನು ಆಟ ಆಡಿಸ್ತೀರಾ?"

ಚೋಂದವ್ವನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಮಗನ ಕಿವಿ ಹಿಂಡಿ ಪಿಸುಗುಟ್ಟಿದಳು. "ಹೆಣ್ಣು ಕೈತಪ್ಪುತ್ತೆ ಕಣೋ. ಅವರಿಗೆ ಬಂದದ್ದು ದಂಡ ಅನ್ನಿಸಬಾರದು. ಹೋಗು, ಏನಾದರೂ ಮಾಡಿ ಸರಿಮಾಡು."

ಬೆಳ್ಯಪ್ಪ ತಲೆಯಾಡಿಸಿ ಒಳಗೆ ಹೋದ. ಚಾಪೆ ತಂದು ಜಗಲಿಯಲ್ಲಿ ಹಾಸಿದ. ತಲೆಯ ಕಡೆಗೆ ದೀಪ ಹಚ್ಚಿಟ್ಟ. ಅವ್ವನ ಕೈಯಿಂದ ಸೌಟನ್ನು ಮೆಲ್ಲಗೆ ಬಿಡಿಸಿಕೊಂಡ.

"ಮಲಗವ್ವ," ಅಂದ. "ಪಾಪ, ಎಲ್ಲರೂ ಕೆಲಸ ಬಿಟ್ಟು ಬಂದಿದ್ದಾರೆ."

ಆಮೇಲೆ ಮುದ್ದಯ್ಯನ ಕಡೆ ತಿರುಗಿ ಕೈಮುಗಿದ. "ಅಳೋದು ಮುಗಿಸಿ ಮಾವ, ಮದುವೆ ಮಾತಾಡೋಣ."