ಕಪ್ತಾನನ ಗುಂಡು, ಮಾದಲಕುಪ್ಪೆಯ ಮಜ್ಜಿಗೆ

"ಬುದ್ಧಿ, ನಾನು ಮಾಡಿದ ಕೆಲಸವನ್ನೆಲ್ಲ ಹಿಂದಿನಿಂದ ಬಂದು ಕೆಡಿಸುವವನೊಬ್ಬನಿದ್ದರೆ, ಅವನನ್ನು ಎಷ್ಟು ದಿನ ಅಂತ ಸಹಿಸಬೇಕು?"

ಚೆನ್ನಮಲ್ಲ ಕೂತು ಕೇಳಲಿಲ್ಲ. ನಿಂತೇ ಕೇಳಿದ. ಮಠದ ಶಿಷ್ಯರಲ್ಲಿ ಅವನಷ್ಟು ಗಟ್ಟಿ ಗಂಟಲು ಇನ್ನೊಬ್ಬನಿಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಸುತ್ತಲ ಹಳ್ಳಿಗಳಿಗೆ ಹೋಗಿ, ಜಗಳಕ್ಕೆ ನ್ಯಾಯ ಹೇಳಿ, ದಾಸೋಹಕ್ಕೆ ರಾಗಿ ಎತ್ತಿಕೊಂಡು ಬರುವುದು ಅವನ ಕೆಲಸ. ನ್ಯಾಯ ಹೇಳುವುದರಲ್ಲಿ ಅವನಿಗೆ ಸಮನಾದವರು ಈ ಸೀಮೆಯಲ್ಲೇ ಇಲ್ಲ ಎಂದು ಜನ ಹೇಳುತ್ತಿದ್ದರು. ಹಾಗೆ ಜನ ಹೇಳುತ್ತಾರೆ ಎಂದು ಹೇಳುತ್ತಿದ್ದವನು ಅವನೇ.

ಗುರುಗಳು ಅಂಗಳದ ಕಡೆ ನೋಡಿದರು. ಅಲ್ಲಿ ಇನ್ನೊಬ್ಬ ಶಿಷ್ಯ ಷಡಕ್ಷರಿ ಮೆಟ್ಟು ಹಾಕಿಕೊಂಡು, ತಲೆಗೆ ಟವಲು ಸುತ್ತಿಕೊಂಡು, ಹೊರಡಲು ಅಪ್ಪಣೆಗಾಗಿ ಕಾಯುತ್ತಿದ್ದ.

"ಅವನೇನು ಕೆಡಿಸಿದ?"

"ಏನು ಕೆಡಿಸಿಲ್ಲ ಅಂತ ಕೇಳಿ ಬುದ್ಧಿ! ಹೋದ ತಿಂಗಳು ಮಾದಲಕುಪ್ಪೆಯಲ್ಲಿ ಕೆರೆ ನೀರಿನ ಜಗಳ. ಊರ ಯಜಮಾನ ದ್ಯಾವಣ್ಣ ಸರದಿ ತಪ್ಪಿಸಿ ತನ್ನ ಗದ್ದೆಗೆ ನೀರು ತಿರುಗಿಸಿಕೊಂಡಿದ್ದ. ಅವನ ಹೊಸ ಅಳಿಯನ ಮುಂದೆಯೇ ಹೇಳಿದೆ, 'ನೀರು ಸಾಲದಿದ್ದರೆ ನಿನ್ನ ಮೀಸೆ ಹಿಂಡಿಕೊಳ್ಳಯ್ಯ' ಅಂತ. ಊರೇ ಗಪ್‌ಚಿಪ್. ನ್ಯಾಯ ಅಂದರೆ ಅದು! ಮಾರನೇ ದಿನ ಈ ಮಹಾನುಭಾವ ಹೋಗಿ, ಆ ದ್ಯಾವಣ್ಣನ ಜಗಲಿ ಮೇಲೆ ಕೂತು, ಅಣ್ಣ ಅಪ್ಪ ಅಂತ ಬೆನ್ನು ಸವರಿ ಬಂದ. ನಾನು ಬಿಗಿದ ಗಂಟು ಸಡಿಲಿಸೋದಕ್ಕೆ ಇವನ್ಯಾರು ಬುದ್ಧಿ?"

"ಆಮೇಲೆ ನೀನು ಆ ಊರಿಗೆ ಹೋಗಿದ್ದೆಯಾ?"

"ಹೋಗದೆ ಏನು! ನಿನ್ನೆ ಹೋಗಿದ್ದೆ. ದ್ಯಾವಣ್ಣ ತಾನೇ ಎದ್ದು ಬಂದು ಮಜ್ಜಿಗೆ ಕೊಟ್ಟ. ಕೊತ್ತಂಬರಿ ಸೊಪ್ಪು ಹಾಕಿದ ಮಜ್ಜಿಗೆ. ಹೆದರಿಕೆ ಅಂದರೆ ಹಾಗಿರಬೇಕು. ಕುಡಿದು ಲೋಟ ಕೆಳಗಿಟ್ಟು, ಅವರು ಮಠಕ್ಕೆ ಅಂತ ಅಳೆದಿಟ್ಟ ರಾಗಿ ನೋಡಿದೆ. ಕಾಳಿಗಿಂತ ಕಲ್ಲೇ ಜಾಸ್ತಿ. 'ಇದನ್ನು ನಿಮ್ಮ ಅಳಿಯಂದಿರಿಗೇ ಮುದ್ದೆ ಮಾಡಿ ಹಾಕಿ' ಅಂತ ಮೂಟೆಯನ್ನು ಬೀದಿಯಲ್ಲೇ ಸುರಿದು ಬಂದೆ. ಅಷ್ಟಕ್ಕೇ ನೋಡಿ, ಇವನು ಆಗಲೇ ಮೆಟ್ಟು ಹಾಕಿಕೊಂಡು ನಿಂತುಬಿಟ್ಟಿದ್ದಾನೆ! ನನಗೆ ಸಾಕಾಗಿ ಹೋಯಿತು. ಈ ಮಠದಲ್ಲಿ ಅವನಿರಬೇಕು, ಇಲ್ಲ ನಾನಿರಬೇಕು."

ಗುರುಗಳು ಹಣೆ ಒತ್ತಿಕೊಂಡರು. ಈ ದೂರು ಅವರ ಕಿವಿಗೆ ಹೊಸದಲ್ಲ. ಸನ್ಯಾಸಕ್ಕೆ ಮುಂಚೆ ಅವರು ಪಟಾಲಮ್ಮಿನಲ್ಲಿದ್ದು, ಯುದ್ಧಕ್ಕೆಂದು ಸಮುದ್ರ ದಾಟಿ ಹೋಗಿ ಬಂದವರು. ಹಡಗಿನಲ್ಲಿ ಕೇಳಿದ ಕತೆಯೊಂದನ್ನು ಹೇಳಿದರು.

ಜರ್ಮನಿಯವರಿಗೂ ಇಂಗ್ಲಿಷಿನವರಿಗೂ ಯುದ್ಧ ನಡೆಯುತ್ತಿದ್ದ ಕಾಲ. ಜರ್ಮನಿಯ ಒಬ್ಬ ಕಪ್ತಾನನ ಕೈಗೆ ಒಂದು ಸಬ್‌ಮರೀನು ಕೊಟ್ಟರು. ನೀರಿನೊಳಗೆ ಮುಳುಗಿ ಓಡುವ ಹಡಗು ಅದು. ಎದುರು ನಿಂತು ಕಾದಾಡುವುದು ಅದರ ಕೆಲಸವಲ್ಲ. ಕೊಪ್ಪರಿಗೆಯಷ್ಟು ದೊಡ್ಡ ಕಬ್ಬಿಣದ ಸಿಡಿಗುಂಡುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕಳ್ಳನ ಹಾಗೆ ಶತ್ರುವಿನ ಬಂದರಿನ ಬಾಯಿಗೆ ಹೋಗಬೇಕು. ಒಂದೊಂದನ್ನೇ ಕೆಳಗೆ ಬಿಡಬೇಕು. ಪ್ರತಿ ಗುಂಡಿಗೂ ಉದ್ದದ ಸರಪಳಿಯಿಂದ ಒಂದು ಭಾರ ಕಟ್ಟಿರುತ್ತದೆ. ಭಾರ ಸಮುದ್ರದ ತಳದಲ್ಲಿ ಕೂರುತ್ತದೆ. ಗುಂಡನ್ನು ಅದಕ್ಕೆ ಹಿಡಿದಿಟ್ಟಿರುವ ಬೆಣೆ ಉಪ್ಪಿನ ಹರಳಿನ ಹಾಗೆ ನೀರಿನಲ್ಲಿ ಕರಗುವಂಥದು. ಅದು ಕರಗುವಷ್ಟರಲ್ಲಿ ಸಬ್‌ಮರೀನು ದೂರ ಹೋಗಿಬಿಟ್ಟಿರುತ್ತದೆ. ಆಗ ಗುಂಡು ಮೇಲೆದ್ದು, ಯಾರ ಕಣ್ಣಿಗೂ ಬೀಳದಷ್ಟು ಆಳದಲ್ಲಿ, ಸರಪಳಿಯ ತುದಿಗೆ ತೂಗುತ್ತ ನಿಲ್ಲುತ್ತದೆ. ತಗುಲಿದ ಹಡಗು ಹೋಯಿತು.

ಬಂದರಿಗೆ ದಾರಿ ಒಂದೇ. ಎರಡು ಕಡೆಯೂ ಬಂಡೆ. ಹಡಗುಗಳು ಅದೇ ದಾರಿಯಲ್ಲಿ ಬರಬೇಕು. ಕಪ್ತಾನನೂ ಅದೇ ದಾರಿಯಲ್ಲಿ ಹೋಗಿ, ಅದೇ ದಾರಿಯಲ್ಲಿ ಗುಂಡು ಇಡಬೇಕು.

ಮೊದಮೊದಲು ಅವನು ಮುಟ್ಟಿದ್ದೆಲ್ಲ ಗೆದ್ದಿತು. ಕಲ್ಲಿದ್ದಲಿನ ಹಡಗು ಮುಳುಗಿತು. ಗೋಧಿಯ ಹಡಗು ಮುಳುಗಿತು. ದೇಶಕ್ಕೆ ಮರಳಿದರೆ ಎದೆಗೆ ಪದಕ ಚುಚ್ಚಿದರು. ಕಪ್ತಾನ ಅಂದಿನಿಂದ ಪದಕ ಮುಂದೆ, ತಾನು ಹಿಂದೆ ನಡೆಯುವುದನ್ನು ಕಲಿತ.

ಆಮೇಲೆ ಬಂದರಿನವರು ತಮ್ಮ ಮೀನುಗಾರರನ್ನು ಕರೆದರು. ಒಬ್ಬ ಮುದುಕ ಅವರಿಗೆ ಮುಂದಾಳು. ರಾಗಿ ಹೊಲದಲ್ಲಿ ಕುಂಟೆ ಎಳೆದ ಹಾಗೆ, ಎರಡು ದೋಣಿಗಳು ನಡುವೆ ಒಂದು ಉಕ್ಕಿನ ಹಗ್ಗ ಎಳೆದುಕೊಂಡು ದಾರಿಯುದ್ದಕ್ಕೂ ಹೋಗುತ್ತಿದ್ದವು. ಹಗ್ಗಕ್ಕೆ ಸಿಕ್ಕಿದ ಸರಪಳಿ ಕಡಿದು, ಗುಂಡು ಮೇಲೆ ತೇಲುತ್ತಿತ್ತು. ಬಂದೂಕಿನಿಂದ ಹೊಡೆದು ದೂರದಲ್ಲೇ ಸಿಡಿಸಿಬಿಡುತ್ತಿದ್ದರು. ಎಳೆಯುವ ದೋಣಿಯೇ ಗುಂಡಿಗೆ ತಗುಲಿ ಹೋದದ್ದೂ ಉಂಟು. ದಾರಿ ಚೊಕ್ಕಟವಾದ ಮೇಲೆ, ಹೊರಗೆ ಕಾಯುತ್ತಿದ್ದ ಹಡಗುಗಳಿಗೆ ವೈರ್‌ಲೆಸ್ಸಿನಲ್ಲಿ ಸುದ್ದಿ ಹೋಗುತ್ತಿತ್ತು: "ಗುಡಿಸಿದೆ, ಬನ್ನಿ."

ಆ ಸುದ್ದಿ ಕಪ್ತಾನನ ಕಿವಿಗೂ ಬೀಳುತ್ತಿತ್ತು. ಬಿದ್ದಾಗಲೆಲ್ಲ ಅವನ ಮೈ ಉರಿಯುತ್ತಿತ್ತು.

"ಕೇಳಿದೆಯಾ ಆ ಮುದುಕನ ಕೊಬ್ಬು!" ಎಂದು ಸಹಾಯಕನ ಮೇಲೆ ಹರಿಹಾಯ್ದ. "ಉಸಿರು ಕಟ್ಟಿಕೊಂಡು, ಎಂಜಿನ್ ಎಣ್ಣೆ ನಾರುವ ಬ್ರೆಡ್ಡು ತಿಂದುಕೊಂಡು, ಪ್ರಾಣ ಅಂಗೈಲಿ ಹಿಡಿದು ಇಷ್ಟು ದೂರ ಬಂದು ಇಟ್ಟು ಹೋಗ್ತೀನಿ. ಈ ಮೀನು ಹಿಡಿಯೋನು ಬೆಳಿಗ್ಗೆ ಎದ್ದು ಬಾಗಿಲ ಕಸ ಗುಡಿಸಿದ ಹಾಗೆ ಗುಡಿಸಿ ಹಾಕ್ತಾನೆ. ಅವನ ಮನೆ ಹಾಳಾಗ!"

"ಅವನು ಗುಡಿಸಿದ್ದೂ ಒಂದು ರೀತೀಲಿ ಒಳ್ಳೆಯದೇ ಆಯಿತು ಸ್ವಾಮಿ. ಈಗ ನಾವೂ ಅದೇ ದಾರಿಯಲ್ಲಿ ತಾನೇ..." ಎಂದು ಸಹಾಯಕ ಶುರುಮಾಡಿದ.

"ಬಾಯಿ ಮುಚ್ಚು" ಎಂದ ಕಪ್ತಾನ.

ಸಹಾಯಕ ಮುಚ್ಚಿದ. ಗುಂಡುಗಳನ್ನು ಇಟ್ಟು ಹೊರಟುಹೋದರು.

ಇಲ್ಲಿ ಚೆನ್ನಮಲ್ಲನಿಗೆ ತಡೆಯಲಾಗಲಿಲ್ಲ. "ಆ ಕಪ್ತಾನನ ಸಂಕಟ ನನಗೆ ಗೊತ್ತಾಗುತ್ತೆ ಬುದ್ಧಿ," ಎಂದ. "ಕೆಲಸ ಮಾಡುವವನಿಗೇ ಗೊತ್ತು ಅದರ ಉರಿ."

"ಗೊತ್ತಾಗುತ್ತೆ ಅಂತಲೇ ಹೇಳುತ್ತಿದ್ದೇನೆ ಮರಿ," ಎಂದು ಗುರುಗಳು ಮುಂದುವರಿಸಿದರು.

ವರ್ಷಗಟ್ಟಲೆ ಹೀಗೇ ನಡೆಯಿತು. ಅವನು ಇಡುವುದು, ಮುದುಕ ಎತ್ತುವುದು. "ಗುಡಿಸಿದೆ" ಎಂದು ಕೇಳಿಸಿದರೆ ಸಾಕು, ಕಪ್ತಾನ ಹಲ್ಲು ಕಡಿಯುತ್ತ ಮತ್ತೆ ಹೊಟ್ಟೆ ತುಂಬ ಗುಂಡು ತುಂಬಿಸಿಕೊಂಡು ಹೊರಡುತ್ತಿದ್ದ. ಅವನ ಜೊತೆ ಕೆಲಸಕ್ಕೆ ಸೇರಿದ ಬೇರೆ ಕಪ್ತಾನರು ಒಬ್ಬೊಬ್ಬರಾಗಿ ಸಮುದ್ರದ ಪಾಲಾದರು. ಇವನು ಪ್ರತಿ ಸಲವೂ ಮರಳಿ ಬಂದ. ಎಲ್ಲ ತನ್ನ ಕೈಚಳಕ ಎಂದುಕೊಂಡ. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಆಯಿತು.

ಇತ್ತ ಮುದುಕನ ತಾಳ್ಮೆಯೂ ಕೆಟ್ಟಿತು. ಬಂದರಿನ ಅಧಿಕಾರಿಯ ಮೇಜಿನ ಮೇಲೆ ತನ್ನ ಟೋಪಿ ಬಿಸಾಕಿದ.

"ಗುಡಿಸಿ ಗುಡಿಸಿ ಸೊಂಟ ಬಿದ್ದುಹೋಯಿತು ಸ್ವಾಮಿ. ನನ್ನ ತಮ್ಮ ಹೋದ, ಅವನ ದೋಣಿ ಹೋಯಿತು. ಇಷ್ಟಕ್ಕೂ ನಾವು ಗುಡಿಸುತ್ತಿರೋದು ಯಾರ ದಾರಿ? ನಮ್ಮ ಹಡಗಿಗೆ ಎಷ್ಟು ಚೊಕ್ಕಟವೋ ಅವನಿಗೂ ಅಷ್ಟೇ ಚೊಕ್ಕಟ. ಈ ಸಲ ನಾನು ಗುಡಿಸೋದಿಲ್ಲ. ನಮ್ಮ ಹಡಗುಗಳನ್ನು ಬೇರೆ ಬಂದರಿಗೆ ಕಳಿಸಿ. ಗುಡಿಸಿದೆ ಅಂತ ಮಾತ್ರ ಹೇಳಿಬಿಡಿ."

ಅಧಿಕಾರಿ ಹಾಗೆಯೇ ಮಾಡಿದ.

ಸುದ್ದಿ ಕಪ್ತಾನನಿಗೆ ಮುಟ್ಟಿತು. ಯಥಾಪ್ರಕಾರ ಮೈ ಉರಿಯಿತು. ಯಥಾಪ್ರಕಾರ ಹೊರಟು ಬಂದ. ಹಿಂದಿನ ಸಲ ತಾನು ಎಲ್ಲೆಲ್ಲಿ ಗುಂಡು ಇಟ್ಟಿದ್ದೆ ಎನ್ನುವುದು ಅವನಿಗೆ ಅಂಗೈಯ ಗೆರೆಯ ಹಾಗೆ ಗೊತ್ತಿತ್ತು. ಆದರೂ ಬಳಸಿ ಹೋಗಲಿಲ್ಲ. ಯಾಕೆ ಬಳಸಬೇಕು? ಮುದುಕ ಗುಡಿಸಿದ್ದಾನಲ್ಲ! ಬಾಯಿಂದ ಮುದುಕನನ್ನು ಬೈಯುತ್ತ, ಮನಸ್ಸಿನಲ್ಲಿ ಮುದುಕನ ಕೆಲಸವನ್ನೇ ನಂಬಿಕೊಂಡು, ನೇರವಾಗಿ ನುಗ್ಗಿದ.

ಸಬ್‌ಮರೀನು ತಾನೇ ಇಟ್ಟಿದ್ದ ಗುಂಡಿಗೆ ತಗುಲಿತು. ಸಹಾಯಕ ಮೇಲೆ ಬರಲಿಲ್ಲ. ಉಳಿದವರಲ್ಲಿ ಯಾರೂ ಮೇಲೆ ಬರಲಿಲ್ಲ. ಕಪ್ತಾನನೊಬ್ಬ ಹೇಗೋ ಹೊರಗೆ ಚಿಮ್ಮಿ ತೇಲಿದ. ಅವನನ್ನು ಎತ್ತಿಕೊಂಡದ್ದು ಆ ಮುದುಕನ ದೋಣಿಯೇ.

ದೋಣಿಯಲ್ಲಿ ಬಿದ್ದುಕೊಂಡು ಕಪ್ತಾನ ನೀರು ಕಕ್ಕಿದ. ಉಸಿರು ತಿರುಗಿದ್ದೇ ತಡ, ಮುದುಕನ ಮೇಲೆ ಎಗರಿಬಿದ್ದ.

"ಗುಡಿಸಿದೆ ಅಂತ ಹೇಳಿ ಗುಡಿಸದೆ ಕೂತಿದ್ದೀಯಲ್ಲೋ! ಕೆಲಸ ಮಾಡೋ ರೀತೀನಾ ಇದು? ನಾಚಿಕೆ ಆಗೋದಿಲ್ಲವಾ ನಿನಗೆ?"

ಮುದುಕ ಅವನಿಗೊಂದು ಕಂಬಳಿ ಹೊದಿಸಿದ.

"ಆಗುತ್ತೆ," ಎಂದ. "ಇಷ್ಟು ದಿನ ಗುಡಿಸಿದ್ದಕ್ಕೆ."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚೆನ್ನಮಲ್ಲ ತೊಡೆ ತಟ್ಟಿ ನಕ್ಕ. "ಎಂಥ ಮುಠ್ಠಾಳ ಬುದ್ಧಿ! ತಾನಿಟ್ಟ ಗುಂಡನ್ನು ಬೇರೆಯವರು ಎತ್ತಲಿಲ್ಲ ಅಂತ ಜಗಳಕ್ಕೆ ಹೋಗ್ತಾನಲ್ಲ! ಆ ದೋಣಿಯಲ್ಲಿ ನಾನಿದ್ದಿದ್ದರೆ ಕಂಬಳಿ ಹೊದಿಸುತ್ತಿರಲಿಲ್ಲ, ಕಪಾಳಕ್ಕೆ ಬಿಗಿಯುತ್ತಿದ್ದೆ. ಅದಿರಲಿ, ಸಮುದ್ರದ ಮಾತು ಸಮುದ್ರಕ್ಕಾಯಿತು. ನನ್ನ ಮಾತಿಗೆ ಉತ್ತರ ಹೇಳಿ. ಅವನೋ, ನಾನೋ?"

ಗುರುಗಳು ಅಂಗಳದ ಕಡೆಗೆ ತಿರುಗಿ ದನಿ ಎತ್ತಿದರು.

"ಷಡಕ್ಷರಿ, ಮೆಟ್ಟು ಬಿಚ್ಚಿಡಪ್ಪ, ಇವತ್ತು ಮಾದಲಕುಪ್ಪೆಗೆ ಚೆನ್ನಮಲ್ಲ ಒಬ್ಬನೇ ಹೋಗಿ ಮಜ್ಜಿಗೆ ಕುಡಿದು ಬರುತ್ತಾನೆ."

ಅಷ್ಟು ಹೊತ್ತೂ ನಿಂತೇ ಇದ್ದ ಚೆನ್ನಮಲ್ಲ ಮೆಲ್ಲಗೆ ಕೂತ.