ಕಡಲಕೋಟೆಯ ಬಾಗಿಲು

ಹೊಳೆ ಕಡಲು ಸೇರುವಲ್ಲಿ ಹಾಲಯ್ಯ ಸ್ವಾಮಿಗಳ ಆಶ್ರಮ. ಎದುರಿಗೆ, ನೀರಿನ ನಡುವೆ, ಒಂದು ಸಣ್ಣ ದ್ವೀಪ. ಅದರ ಸುತ್ತ ಚಿರೆಕಲ್ಲಿನ ಕೋಟೆ.

ಶಿಷ್ಯ ದುಗ್ಗಪ್ಪ ನಾಯಕ ಒಂದು ಕಾಲಕ್ಕೆ ಆ ಕೋಟೆಯ ಬಾಗಿಲು ಕಾಯುತ್ತಿದ್ದವನು. ಯುದ್ಧ ಮುಗಿದು ಕೋಟೆ ಪಾಳುಬಿದ್ದ ಮೇಲೆ ಆಶ್ರಮಕ್ಕೆ ಬಂದ. ಒಂಬತ್ತು ವರ್ಷವಾದರೂ ಅವನ ಮನಸ್ಸು ಧ್ಯಾನದಲ್ಲಿ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟ.

ಹಗೆಯ ಹಡಗುಗಳು ಬಂದ ದಿನ ದಡದ ಕೇರಿಯ ಮೀನುಗಾರರು ಹೆಂಗಸರು ಮಕ್ಕಳನ್ನು ದೋಣಿಗೆ ಹತ್ತಿಸಿಕೊಂಡು ದ್ವೀಪಕ್ಕೆ ಬಂದಿದ್ದರು. ಹಗೆಯವರು ಬೆನ್ನಟ್ಟಿದ್ದರು. ದುಗ್ಗಪ್ಪ ಅಗುಳಿ ತೆಗೆಯಲಿಲ್ಲ. ದಿನಾ ಅವನಿಗೆ ಮೀನು ತಂದುಕೊಡುತ್ತಿದ್ದವರೇ ಅವನ ಹೆಸರು ಹಿಡಿದು ಕೂಗಿದರು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಕೋಟೆ ಉಳಿಯಿತು. ದೊರೆ ಅವನ ಕೈಗೆ ಬೆಳ್ಳಿಯ ಕಡಗ ತೊಡಿಸಿದ.

"ತೆರೆದಿದ್ದರೆ ಒಳಗಿದ್ದ ಮುನ್ನೂರು ಜನವೂ ಸಾಯುತ್ತಿದ್ದರು. ನಾನು ಮಾಡಿದ್ದು ತಪ್ಪೇ, ಸ್ವಾಮಿ?"

ಗುರುಗಳು ಎದ್ದು ದಡಕ್ಕೆ ನಡೆದರು. ದೋಣಿ ತರಿಸಿದರು.

ದ್ವೀಪದಲ್ಲಿ ಇಳಿದ ಮೇಲೆ ಅಂಬಿಗನಿಗೆ ಸಂಜೆ ಬಾ ಎಂದು ಹೇಳಿ ಕಳಿಸಿದರು. ದುಗ್ಗಪ್ಪನನ್ನು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂರಲು ಹೇಳಿ ತಾವು ಒಳಗೆ ಹೋದರು. ಅಗುಳಿ ಬಿದ್ದ ಸದ್ದು ಕೇಳಿತು.

ಇದೂ ಒಂದು ಧ್ಯಾನವಿರಬೇಕು ಎಂದುಕೊಂಡು ಅವನು ಕಣ್ಣು ಮುಚ್ಚಿದ.

ಮಧ್ಯಾಹ್ನ ಕಡಲಿನ ಭರತ ಏರತೊಡಗಿತು. ನೀರು ಒಂದೊಂದೇ ಮೆಟ್ಟಿಲು ನುಂಗುತ್ತ ಬಂತು. ಸೊಂಟದವರೆಗೆ ಬಂದಾಗ ದುಗ್ಗಪ್ಪ ಮೆಲ್ಲಗೆ, ಗುರುಗಳಿಗೆ ನಿದ್ದೆ ಬಂದಿರಬಹುದು ಎಂಬಂತೆ, ಕರೆದ. ಅಗುಳಿ ಸರಿಯಲಿಲ್ಲ.

ಅವನು ಘಟ್ಟದ ಮೇಲೆ ಹುಟ್ಟಿದವನು. ಈಜು ಬಾರದು. ಎರಡೂ ಕಡೆ ಪಾಚಿಗಟ್ಟಿದ ನೆಟ್ಟನೆಯ ಗೋಡೆ, ಹಿಡಿಯಲು ಏನೂ ಇಲ್ಲ. ಎರಡೂ ಕೈಯಿಂದ ಬಾಗಿಲು ಬಡಿದ. ಬೇಡಿಕೊಂಡ. ಆಮೇಲೆ ಗುರುಗಳನ್ನೇ ಬಾಯಿಗೆ ಬಂದಂತೆ ಬೈದ. ನೀರು ಎದೆ ದಾಟಿದಾಗ ಬೈಗುಳವೂ ಮುಗಿಯಿತು. ತುಟಿಯನ್ನು ಬಾಗಿಲ ಸಂದಿಗೆ ಒತ್ತಿ, "ನಾನಿನ್ನೂ ಇದ್ದೇನೆ" ಎಂದ.

ಅಗುಳಿ ಸರಿಯಿತು. ನೀರಿನ ಜೊತೆ ಅವನೂ ಒಳಗೆ ಬಿದ್ದ.

ಬಹಳ ಹೊತ್ತು ಉಪ್ಪುನೀರು ಕಕ್ಕಿದ. ತಲೆ ಎತ್ತಿದಾಗ ಗುರುಗಳು ಎದುರಿಗೆ ನಿಂತಿದ್ದರು. ಅವನು ಅವರ ಕಾಲು ಹಿಡಿದು ಅತ್ತ.

"ಅವರಿಗೆ ಆ ದಿನ ಹೇಗಾಗಿತ್ತು ಅಂತ ಈಗ ಗೊತ್ತಾಯಿತು, ಸ್ವಾಮಿ."

ಗುರುಗಳು ಮೆಲ್ಲಗೆ ಕಾಲು ಬಿಡಿಸಿಕೊಂಡರು.

"ಇಲ್ಲ ದುಗ್ಗಪ್ಪ, ಗೊತ್ತಾಗಲಿಲ್ಲ. ನಾನು ಬಾಗಿಲು ತೆರೆದೆ."