ತೋಳಿಗೆ ಹೋಗುವ ಹಾಲು

"ಉಸ್ತಾದರೇ, ನನ್ನ ಮೈಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು?" ಎಂದು ಕೆಂಪರಾಜು ಕೇಳಿದ.

ಸಾಮು ಮುಗಿದಿತ್ತು. ಗರಡಿಯಲ್ಲಿ ಅವನೂ ಉಸ್ತಾದ್ ದ್ಯಾವಣ್ಣನವರೂ ಇಬ್ಬರೇ ಉಳಿದಿದ್ದರು. ಗರಡಿಯವರು ಖುರಾಕು ಎನ್ನುವ ಬಾದಾಮಿ ಹಾಲಿಗೆ ತುಪ್ಪ ಬಿಟ್ಟು, ಲೋಟ ಹಿಡಿದು ಕೆಂಪರಾಜು ಕಟ್ಟೆಯ ಮೇಲೆ ಕೂತಿದ್ದ. ಹೋದ ವರ್ಷವೆಲ್ಲ ಚೆನ್ನಾಗಿ ತಿಂದು ಮೈ ಬೆಳೆಸಿದ್ದ. ಈಗ ಆಯ್ಕೆ ಪಂದ್ಯಕ್ಕಾಗಿ ಕೆಳಗಿನ ತೂಕದ ವರ್ಗಕ್ಕೆ ಇಳಿಯಬೇಕಿತ್ತು. ಇಳಿಯದಿದ್ದರೆ ಅಖಾಡಕ್ಕೇ ಬಿಡುವುದಿಲ್ಲ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ, ಇದೇ ಕೊನೆಯ ಅವಕಾಶ.

"ಮೊಬೈಲ್ ಒಂದು ಲೆಕ್ಕ ಕೊಟ್ಟಿದೆ. ಅದಕ್ಕಿಂತ ಕಮ್ಮಿಯೇ ಉಣ್ಣುತ್ತಿದ್ದೇನೆ. ತೂಕ ಕದಲುತ್ತಿಲ್ಲ. ನಮ್ಮಮ್ಮ ನನಗೆ ಗೊತ್ತಾಗದ ಹಾಗೆ ಮುದ್ದೆ ದೊಡ್ಡದು ಕಟ್ಟುತ್ತಿದ್ದಾಳೆ. ಬೆಳಿಗ್ಗೆ ತಟ್ಟೆ ತಳ್ಳಿ ಎದ್ದು ಬಂದೆ. ನಾಳೆಯಿಂದ ಮನೆಯ ಊಟವೇ ಬೇಡ ಅಂತಿದ್ದೇನೆ."

"ಅಬ್ಬಬ್ಬಾ! ತಟ್ಟೆ ತಳ್ಳುವಷ್ಟು ದೊಡ್ಡ ಪೈಲ್ವಾನ್ ಆಗಿಬಿಟ್ಟೆಯಾ?" ಎಂದರು ದ್ಯಾವಣ್ಣ. "ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ನಿನ್ನ ಹಾಗೆಯೇ ತಿಂದು ಬೆಳೆದವನು. ಪಕ್ಕದ ಊರಿನವನೊಬ್ಬ ಇವನನ್ನು ತುಂಬಿದ ಜನರ ಮುಂದೆ ಚಿತ್ ಮಾಡಿದ್ದ. ಆ ಅವಮಾನ ಇವನನ್ನು ಸುಡುತ್ತಿತ್ತು. ಅವನ ಜೊತೆ ಮತ್ತೆ ಸೆಣಸಬೇಕಾದರೆ ತೂಕ ಇಳಿಸಬೇಕು, ಏಕೆಂದರೆ ಅದು ತೂಕ ನೋಡಿ ಜೋಡಿ ಕಟ್ಟುವ ಪಂದ್ಯ.

ಪೈಲ್ವಾನ ದಡ್ಡನಲ್ಲ. ಲೆಕ್ಕದ ದಾರಿಯನ್ನು ಸರಿಯಾಗಿಯೇ ಹಿಡಿದ. ತೂಕ ಏರದೆ ಇಳಿಯದೆ ನಿಂತಾಗ ಎಷ್ಟು ತಿನ್ನುತ್ತೇವೋ ಅಷ್ಟು ಮೈಗೆ ಬೇಕು. ಅದರಲ್ಲಿ ಸ್ವಲ್ಪ ತೆಗೆದರೆ ಮೈ ಮೆಲ್ಲಗೆ ಇಳಿಯುತ್ತದೆ. ಒಮ್ಮೆಗೇ ಎಲ್ಲ ಬಿಟ್ಟರೆ ಕಸುವೂ ಹೋಗುತ್ತದೆ. ಇಷ್ಟು ತಿಳಿದವನು ಮುದ್ದೆ, ಅನ್ನ, ಸಾರು, ಮೊಟ್ಟೆ ಎಲ್ಲವನ್ನೂ ಲೆಕ್ಕ ಹಾಕಿದ. ಹೆಂಡತಿಗೆ ಹೇಳಿ ಮುದ್ದೆಯನ್ನು ಚಿಕ್ಕದು ಮಾಡಿಸಿದ.

ತೂಕ ಇಳಿಯಲಿಲ್ಲ. ಅನ್ನ ಬಿಟ್ಟ. ಆಗಲೂ ಇಳಿಯಲಿಲ್ಲ.

ಇತ್ತ ಗರಡಿಯಲ್ಲಿ ಖುರಾಕು ನಡೆದೇ ಇತ್ತು. ಪೈಲ್ವಾನನ ಖುರಾಕನ್ನು ಅವನೇ ಅರೆಯಬೇಕು, ಬೇರೆಯವರು ಮುಟ್ಟಬಾರದು, ನಮ್ಮ ಪದ್ಧತಿ ನಿನಗೆ ಗೊತ್ತಲ್ಲ. ಊಟ ಹೊಟ್ಟೆಗೆ, ಖುರಾಕು ತೋಳಿಗೆ ಎಂದು ಹಿರಿಯರು ಹೇಳಿದ್ದನ್ನು ಅವನು ನಂಬಿದ್ದ. ಮನೆಯ ಊಟ ಕಡಿಮೆಯಾದಷ್ಟೂ ಹೊಟ್ಟೆ ಚುರುಗುಟ್ಟಿತು. ಚುರುಗುಟ್ಟಿದಾಗಲೆಲ್ಲ ಬಾದಾಮಿ ಅರೆದ. ಲೋಟ ಹೋಗಿ ಚೊಂಬು ಬಂತು.

ಅವನ ಅನುಮಾನ ಮಾತ್ರ ಹೆಂಡತಿಯ ಮೇಲೆ ಹೋಯಿತು. ಸಾರಿಗೆ ಕದ್ದು ತುಪ್ಪ ಬೆರೆಸುತ್ತೀಯಾ ಎಂದು ಕೇಳಿದ. ಅವಳು ದೀಪ ಮುಟ್ಟಿ ಆಣೆ ಮಾಡಿದಳು. ನಂಬಲಿಲ್ಲ. ದಿನ ಹೋದಂತೆ ಅವಳು ಒಂದೊಂದು ಸೌಟನ್ನೂ ಅವನಿಗೆ ತೋರಿಸಿಯೇ ಬಡಿಸತೊಡಗಿದಳು. ಗಂಡನಿಗೆ ಅನ್ನ ಹಾಕಲು ಹೆದರುವ ಗತಿ ಯಾವ ಹೆಣ್ಣುಮಗಳಿಗೂ ಬೇಡಪ್ಪ.

ಪಂದ್ಯದ ದಿನ ಪೈಲ್ವಾನ ತಕ್ಕಡಿ ಹತ್ತಿದ. ತೂಕ ನೋಡುವವರು ಆಗುವುದಿಲ್ಲ ಎಂದು ಕೆಳಗಿಳಿಸಿದರು. ಪಕ್ಕದ ಊರಿನವನು ಲಂಗೋಟಿ ಕಟ್ಟದೆಯೇ ಗೆದ್ದ. ಜನ ನಕ್ಕರು. ಇವನು ಮನೆಗೆ ಬಂದು ಹೊಸಿಲಲ್ಲೇ ನಿಂತು ಕೂಗಿದ.

"ನನ್ನನ್ನು ಸೋಲಿಸಿದವಳು ನೀನು!"

ಅವಳು ಒಲೆಯ ಮುಂದಿನಿಂದ ಏಳಲಿಲ್ಲ. "ನಾನು ಬಡಿಸಿದ್ದನ್ನೆಲ್ಲ ಲೆಕ್ಕ ಹಾಕಿದಿರಿ. ನೀವೇ ಅರೆದು ಕುಡಿದದ್ದನ್ನು ಯಾರ ಲೆಕ್ಕಕ್ಕೆ ಹಾಕೋಣ?"

"ಅದು ಊಟವಲ್ಲ ಕಣೇ, ಖುರಾಕು!"

"ಹೌದಾ? ಹಾಗಾದರೆ ತಕ್ಕಡಿಗೂ ಆ ಮಾತನ್ನು ಹೇಳಿ ಬರಬೇಕಿತ್ತು."



ಇಲ್ಲಿಗೆ ದ್ಯಾವಣ್ಣ ಕತೆ ನಿಲ್ಲಿಸಿದರು. ಕೆಂಪರಾಜು ಬಾಯಿಯ ತನಕ ಎತ್ತಿದ್ದ ಲೋಟವನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ.

"ಆಮೇಲೆ ಅವನು ತೂಕ ಇಳಿಸಿದನೇ?"

"ಇಳಿಸಿದ. ಅದೇನು ಬ್ರಹ್ಮವಿದ್ಯೆಯೇ? ಲೆಕ್ಕಕ್ಕೆ ಚೊಂಬನ್ನೂ ಸೇರಿಸಿದ, ಇಳಿಯಿತು. ಮರುವರ್ಷ ಆ ಪಕ್ಕದ ಊರಿನವನನ್ನು ಚಿತ್ ಮಾಡಿ ಹಾರ ಹಾಕಿಸಿಕೊಂಡು ಬಂದ. ಉಣ್ಣಲು ಕೂತ. ಹೆಂಡತಿ ಬಡಿಸಿದಳು. ಆದರೆ ಅವತ್ತೂ, ಆಮೇಲೆ ಯಾವತ್ತೂ, ಇನ್ನೊಂದು ಸ್ವಲ್ಪ ಹಾಕಲಾ ಎಂದು ಅವಳು ಅವನನ್ನು ಕೇಳಲಿಲ್ಲ."

ಕೆಂಪರಾಜು ಲೋಟವನ್ನು ಕಟ್ಟೆಯ ಮೇಲೆ ಬದಿಗಿಟ್ಟ. ಮೆಲ್ಲಗೆ, "ಹಾಗಾದರೆ ನನ್ನ ಲೆಕ್ಕ, ಉಸ್ತಾದರೇ?" ಎಂದ.

"ಲೆಕ್ಕವನ್ನು ನಾಳೆ ಆ ಲೋಟದಿಂದ ಶುರು ಮಾಡೋಣ; ಈಗ ಮನೆಗೆ ಹೋಗಿ ನಿಮ್ಮಮ್ಮ ಬಡಿಸಿದ್ದನ್ನು ಉಣ್ಣು."